ಜಯಕ್ಕ ಕಾಲಿಡದ ಮಂಟಪ

ಚಿತ್ರದುರ್ಗದ ಆ ಪಾರ್ಕಿನಲ್ಲಿ ಹೊಸ ಮಂಟಪ ಎದ್ದು ನಿಂತಾಗ ಬೆಳಗಿನ ವಾಕಿಂಗಿನವರಿಗೆ ಬಹಳ ದಿನ ಅದೇ ಮಾತಾಯಿತು. ನೋಡಿದರೆ ಅಲ್ಲಿ ಇದ್ದದ್ದೇ ಇಷ್ಟು: ನಾಲ್ಕು ತೆಳ್ಳನೆಯ ಕಬ್ಬಿಣದ ಕಂಬ, ಮೇಲೆ ಹಪ್ಪಳದ ಹಾಗೆ ಚಪ್ಪಟೆಯಾದ ಕಾಂಕ್ರೀಟಿನ ಸೂರು, ಕೆಳಗೆ ನುಣುಪಾದ ಕಪ್ಪು ಕಲ್ಲಿನ ನೆಲ. ಗೋಡೆ ಇಲ್ಲ, ಗ್ರಿಲ್ ಇಲ್ಲ, ಮೆಟ್ಟಿಲಿಲ್ಲ, ಬಣ್ಣವಿಲ್ಲ. ಹುಲ್ಲು ಮುಗಿದಲ್ಲಿಂದಲೇ ಕಲ್ಲು ಶುರು. ಒಂದು ಬದಿಯಲ್ಲಿ ಕೂರಲು ಉದ್ದನೆಯ ಕಲ್ಲು ಹಾಸು, ಅದಕ್ಕೂ ಒರಗಲು ಬೆನ್ನಿಲ್ಲ.

"ಗೋಡೆ ಕಟ್ಟೋ ಹೊತ್ತಿಗೆ ದುಡ್ಡು ಮುಗಿದಿರಬೇಕು ಬಿಡ್ರಿ," ಎಂದರು ನಿವೃತ್ತ ಮೇಷ್ಟ್ರೊಬ್ಬರು.

ಅವರ ಜೊತೆಯವರು ಅಲ್ಲೇ ಗುಡಿಸುತ್ತಿದ್ದ ಜಯಕ್ಕನನ್ನು ಕೇಳಿದರು, "ಏನಮ್ಮ, ಹೊಳಲ್ಕೆರೆ ಬಸ್ಸು ಎಷ್ಟೊತ್ತಿಗೆ ಬರ್ತೈತೆ ಇಲ್ಲಿಗೆ?"

"ಈಗ್ ತಾನೇ ಹೋತು ಸ್ವಾಮಿ, ಇನ್ನೊಂದು ಬರೋತಂಕ ಇನ್ನೊಂದ್ ರೌಂಡ್ ನಡೀರಿ," ಎಂದಳು ಜಯಕ್ಕ. ಎಲ್ಲರೂ ನಕ್ಕರು. ಅವರು ಮುಂದೆ ಹೋದ ಮೇಲೆ ಅವಳ ಮುಖದ ನಗುವೂ ಅವರ ಜೊತೆಗೇ ಹೋಯಿತು.

ಅವಳು ಗುಡಿಸುವ ರೀತಿಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ತೆಂಗಿನ ಪೊರಕೆಯನ್ನು ಉದ್ದನೆಯ ಬಿದಿರು ಗಳಕ್ಕೆ ಕಟ್ಟಿಕೊಂಡಿದ್ದಳು. ಮಂಟಪದ ಒಂದೊಂದು ಬದಿಗೂ ಬಂದು, ಹುಲ್ಲಿನ ಮೇಲೇ ನಿಂತು, ತೋಳು ಚಾಚಿ ನಡುವಿನಿಂದ ತನ್ನ ಕಡೆಗೆ ಕಸ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ದೂರದಿಂದಲೇ ಚಿಮ್ಮಿಸಿ ತೊಳೆಯುತ್ತಿದ್ದಳು. ಅಷ್ಟೂ ಕೆಲಸದಲ್ಲಿ ಅವಳ ಪಾದ ಒಮ್ಮೆಯೂ ಕಲ್ಲಿನ ಮೇಲೆ ಬೀಳುತ್ತಿರಲಿಲ್ಲ. ಮೇಸ್ತ್ರಿ ದುರುಗೇಶನಿಗೆ ಕಂಡದ್ದು ತೊಳೆದ ನೆಲದ ಹೊಳಪು. "ದೇವಸ್ಥಾನ ಇಟ್ಟಂಗೆ ಇಟ್ಟಾಳೆ ನೋಡ್ರಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಜಯಕ್ಕನ ಕಣ್ಣಿಗೆ ಅದು ದೇವರಿರುವ ಜಾಗವಾಗಿ ಕಂಡಿರಲಿಲ್ಲ. ದೇವರಿಂದ ದೂರ ಇರಬೇಕಾದವರ ಜಾಗವಾಗಿ ಕಂಡಿತ್ತು.

ಜಯಕ್ಕ ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡೆಯ ಒಂದು ಹಟ್ಟಿಯಲ್ಲಿ. ಕೊಟ್ಟದ್ದು ಹಿರೇಗುಂಟನೂರಿನ ಆಚೆಯ ಇನ್ನೊಂದು ಹಟ್ಟಿಗೆ. ಗಂಡ ಕಾಟಯ್ಯ ಕುರಿ ಕಾಯುವವನು, ವರ್ಷದ ಅರ್ಧ ಭಾಗ ಮಂದೆಯ ಹಿಂದೆ ಹೊಲದಿಂದ ಹೊಲಕ್ಕೆ ನಡೆಯುವವನು. ಹಟ್ಟಿ ಎಂದರೆ ಸುತ್ತ ಮುಳ್ಳಿನ ಬೇಲಿ, ಒಳಗೆ ಮನೆಗಳು, ಕುರಿ ರೊಪ್ಪ, ದೇವರ ಗುಡಿ. ದೇವರು ಒಳಗಿರುವುದರಿಂದ ಬೇಲಿ ದಾಟಿ ಚಪ್ಪಲಿ ಬರುವಂತಿಲ್ಲ, ಮೈಲಿಗೆ ಬರುವಂತಿಲ್ಲ. ಹೆಂಗಸರು ಮುಟ್ಟಾದರೆ ಬೇಲಿಯ ಹೊರಗಿನ ಗುಡ್ಲಿನಲ್ಲಿ ಇರಬೇಕು. ಹೆರಿಗೆಯಾದರೆ ತಾಯಿ, ಮಗು ಇಬ್ಬರೂ ಅಲ್ಲೇ. ಪೂಜಾರಿ ದಿನ ನೋಡಿ ಹೇಳಿದ ಮೇಲೆ ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು. ಈಗ ಎಷ್ಟೋ ಹಟ್ಟಿಗಳಲ್ಲಿ ಇದೆಲ್ಲ ಸಡಿಲವಾಗಿದೆ. ಜಯಕ್ಕ ಬಸುರಿಯಾದ ಕಾಲಕ್ಕೆ ಆಗಿರಲಿಲ್ಲ.

ಆ ಗುಡ್ಲಿಗೆ ನಾಲ್ಕು ಕಂಬ, ಮೇಲೆ ಸೋಗೆ. ಗೋಡೆ ಇರಲಿಲ್ಲ.

ಅವಳಿಗೆ ಹೆರಿಗೆಯಾದದ್ದು ಆಷಾಢದಲ್ಲಿ. ದುರ್ಗದ ಸೀಮೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಗುಡ್ಡದ ಮೇಲಿನಿಂದ ಇಳಿದು ಬಯಲಿಗೆ ಬಂದರೆ ಅದಕ್ಕೆ ಅಡ್ಡ ನಿಲ್ಲುವುದು ಏನೂ ಇಲ್ಲ. ಅತ್ತೆ ಏಕನಾಥಮ್ಮ ಕೆಟ್ಟವಳಲ್ಲ. ಸೊಸೆಯನ್ನು ಮುಟ್ಟುವಂತಿರಲಿಲ್ಲ, ಬಿಟ್ಟು ಒಳಗೆ ಹೋಗಲು ಮನಸ್ಸೂ ಬರಲಿಲ್ಲ. ಅಷ್ಟು ದೂರದಲ್ಲಿ ಬೆಂಕಿ ಹಾಕಿಕೊಂಡು ಕೂತು, ಕಂಬಳಿಯನ್ನು ಗಳದ ತುದಿಗೆ ಸಿಕ್ಕಿಸಿ ಸೊಸೆಯ ಕಡೆಗೆ ಚಾಚಿದಳು. ತಾನೂ ತನ್ನ ಮಕ್ಕಳನ್ನೆಲ್ಲ ಅಲ್ಲೇ ಹೆತ್ತವಳು. ಅವರೆಲ್ಲ ಬದುಕಿದ್ದರು, ಹಾಗಾಗಿ ಇದೂ ಬದುಕುತ್ತದೆ ಎಂದೇ ನಂಬಿದ್ದಳು. ಜಯಕ್ಕನ ಮಗು ಬದುಕಲಿಲ್ಲ. ಆಮೇಲೆ ಅವಳ ಮಡಿಲು ತುಂಬಲೂ ಇಲ್ಲ.

ಕಾಟಯ್ಯ ಮಂದೆಯ ಜೊತೆ ದೂರದಲ್ಲಿದ್ದವನು ಸುದ್ದಿ ಕೇಳಿ ಬಂದ. ಹೆಂಡತಿಯ ಎದುರಿಗೆ ಕೂತು ನೆಲ ಕೆರೆಯುತ್ತಾ ಇದ್ದು, ಒಂದು ಮಾತೂ ಆಡದೆ ಮತ್ತೆ ಮಂದೆಗೆ ಹೋದ. ಅವನಿದ್ದಷ್ಟು ಕಾಲವೂ ಅವರಿಬ್ಬರ ನಡುವೆ ಆ ಮಾತು ಬರಲಿಲ್ಲ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ, ರಸ್ತೆ ಕೆಲಸಕ್ಕೆ ಹೋಗುವ ಹೆಂಗಸರ ಜೊತೆ ಜಯಕ್ಕ ದುರ್ಗಕ್ಕೆ ಬಂದಳು. ರಸ್ತೆ ಮುಗಿಯಿತು, ಅವಳು ಉಳಿದಳು. ಯಾರೋ ಪುಣ್ಯಾತ್ಮರು ಪಾರ್ಕಿನ ಗುತ್ತಿಗೆಯವನಿಗೆ ಹೇಳಿ ಕೆಲಸ ಕೊಡಿಸಿದರು. ಬಾಡಿಗೆಗೆ ಒಂದು ಕೋಣೆ, ಗೂಡಿನಲ್ಲಿ ಮನೆದೇವರ ಪಟ, ಸೋಮವಾರ ತುಪ್ಪದ ದೀಪ. ದೇವರ ಮೇಲೆ ಅವಳಿಗೆ ಮುನಿಸಿರಲಿಲ್ಲ. ದೀಪ ಹಚ್ಚಿ ಕೈಮುಗಿದು ಏನನ್ನೂ ಕೇಳಿಕೊಳ್ಳದೆ ಕೂತಿರುತ್ತಿದ್ದಳು. ಕೇಳಿಕೊಂಡರೆ ಹಳೆಯದನ್ನೂ ಕೇಳಬೇಕಾಗುತ್ತದೆ ಎಂಬ ಅಂಜಿಕೆಯೋ ಏನೋ.

ಊರಲ್ಲಿ ಅವಳಿಗೆ ಮಾತಿಗೆ ಸಿಕ್ಕುವ ಜೀವ ಎಂದರೆ ಶಬನಾ ಒಬ್ಬಳೇ. ಪಾರ್ಕಿನ ಮೂಲೆಯಲ್ಲಿ ಸಸಿ ಬೆಳೆಸುವ ಕೆಲಸ ಶಬನಾಳದು. ಅವಳ ತಂದೆ ಉಸ್ಮಾನ್ ಸಾಬರು ಪಾತ್ರೆಗೆ ಕಲಾಯಿ ಹಾಕುವ ಮನೆತನದವರು. ಹಿತ್ತಾಳೆ ಪಾತ್ರೆ ಹೋಗಿ ಸ್ಟೀಲು ಬಂದ ಮೇಲೆ ಆ ಕೆಲಸ ನಿಂತಿತ್ತು. ಶಬನಾ ಗಂಡ ಸತ್ತ ಮೇಲೆ ಮಗಳು ಫರೀಹಾಳನ್ನು ಕಟ್ಟಿಕೊಂಡು ತಂದೆಯ ಮನೆಯಲ್ಲೇ ಇದ್ದಳು. ಜಯಕ್ಕನಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಬಹಳ ದೊಡ್ಡವಳು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಈ ಇಬ್ಬರು, ಜೊತೆಗೆ ಗೇಟಿನ ಬಳಿ ಗುಡಿಸುವ ಮಹಾದೇವಮ್ಮ, ಮೂವರೂ ಬುತ್ತಿ ಬಿಚ್ಚುತ್ತಿದ್ದರು. ಜಯಕ್ಕನ ರೊಟ್ಟಿ ಶಬನಾಳ ಡಬ್ಬಿಗೆ, ಶಬನಾಳ ಹುಣಸೇಹಣ್ಣಿನ ಸಾರು ಜಯಕ್ಕನ ತಟ್ಟೆಗೆ. ಆ ಒಂದು ಊಟದ ಹೊತ್ತು ಬಿಟ್ಟರೆ ಜಯಕ್ಕನ ದಿನದಲ್ಲಿ "ಉಂಡ್ಯಾ? ಸಾಕಾ?" ಎಂದು ಕೇಳುವ ದನಿಯೇ ಇರಲಿಲ್ಲ.

ಮಂಟಪ ಬಂದ ಮೇಲೆ ಊಟದ ಜಾಗ ಬದಲಾಯಿತು. ಕಲ್ಲು ತಣ್ಣಗಿತ್ತು, ಇರುವೆ ಇರಲಿಲ್ಲ, ಕೋಟೆಯ ಗುಡ್ಡ ನೇರಕ್ಕೆ ಕಾಣುತ್ತಿತ್ತು. ಮೊದಲ ದಿನವೇ ಶಬನಾ, ಮಹಾದೇವಮ್ಮ ಒಳಗೆ ಹೋಗಿ ಕಾಲು ಚಾಚಿ ಕೂತರು.

"ಬಾರಕ್ಕ ಜಯಕ್ಕ, ಎಂಥ ಗಾಳಿ ಐತೆ ನೋಡು!" ಎಂದು ಶಬನಾ ಕರೆದಳು.

"ನಾನಿಲ್ಲೇ ಇರ್ತೀನಿ ಬಿಡೆ. ಮಂಡಿ ಹಿಡ್ಕಂಡೈತೆ, ಕಲ್ಲಿನ ಮೇಲೆ ಕೂರೋಕಾಗಲ್ಲ."

ಮಹಾದೇವಮ್ಮ ಬಿಡುವವಳಲ್ಲ. "ಲೇ, ಸರ್ಕಾರ ನೆರಳು ಮಾಡಿಕೊಟ್ರೂ ಇರುವೆ ಜತಿಗೇ ಸಂಸಾರ ಮಾಡ್ತೀಯಲ್ಲೇ!"

ಜಯಕ್ಕ ನಕ್ಕಳು. ಮರುದಿನವೂ ಮಂಡಿ ನೋವು. ಅದರ ಮರುದಿನ ಉಪವಾಸ. ಹೀಗೆ ನೆಪಗಳು ಮುಗಿಯುತ್ತಾ ಬಂದವು. ಒಂದೆರಡು ಸಲ ಶಬನಾ ಡಬ್ಬಿ ಹಿಡಿದು ಮರದ ಕಡೆ ಬಂದಳು. ಆದರೆ ಹೊಂಗೆಯ ಹೂ ಉದುರುವ ಕಾಲ, ಅನ್ನದಲ್ಲೆಲ್ಲ ಹೂವು. ಆಮೇಲಾಮೇಲೆ ಕರೆಯುವುದು ಉಳಿಯಿತು, ಬರುವುದು ನಿಂತಿತು.

ಮಂಟಪದ ನಕ್ಷೆ ಬರೆದ ಕಾವ್ಯಶ್ರೀ ಎಂಬ ಹೆಣ್ಣುಮಗಳು ಒಮ್ಮೆ ಬಂದಿದ್ದಳು. ಹಿರಿಯೂರಿನವಳಂತೆ. ದರ್ಪವಿಲ್ಲದ ಹುಡುಗಿ. ಚಪ್ಪಲಿ ಬಿಟ್ಟು ಮಹಾದೇವಮ್ಮನ ಪಕ್ಕದಲ್ಲೇ ಕೂತು ಚಟ್ನಿ ನೆಕ್ಕಿದಳು. ಏನೂ ಸೇರಿಸದೆ, ಬೇಕಾದಷ್ಟನ್ನು ಮಾತ್ರ ಇಟ್ಟು ಕಟ್ಟುವುದು ತನಗೆ ಇಷ್ಟ, ಉಳಿದದ್ದನ್ನು ಗಾಳಿ ಬೆಳಕು ನೋಡಿಕೊಳ್ಳುತ್ತವೆ ಎಂದಳು. ಮರದ ಕೆಳಗೆ ಒಬ್ಬಳೇ ಕೂತಿದ್ದ ಜಯಕ್ಕನನ್ನು ನೋಡಿ ಎದ್ದು ಅಲ್ಲಿಗೂ ಹೋದಳು.

"ಯಾಕಮ್ಮ, ನಿಮಗೆ ಇಷ್ಟ ಆಗಲಿಲ್ವಾ ಅದು?"

"ಚೆನ್ನಾಗೈತೆ ಕಣವ್ವ. ಗಾಳಿ ಜಾಸ್ತಿ, ಅಷ್ಟೇ."

ಕಾವ್ಯಶ್ರೀಗೆ ಖುಷಿಯೇ ಆಯಿತು. "ಗಾಳಿಗೋಸ್ಕರಾನೇ ಅಲ್ವಾ ಅಮ್ಮ ಮಾಡಿದ್ದು! ಯಾವ ಕಡೆಯಿಂದ ಬಂದ್ರೂ ತಡೆ ಇಲ್ಲ."

ಜಯಕ್ಕ ತಲೆ ಅಲ್ಲಾಡಿಸಿದಳು. ಆ ಹುಡುಗಿ ತಪ್ಪೇನೂ ಆಡಲಿಲ್ಲ ಎಂದು ಅವಳಿಗೂ ಗೊತ್ತು. ತಟ್ಟೆಯಲ್ಲಿದ್ದ ರೊಟ್ಟಿ ಮಾತ್ರ ಅವತ್ತು ಮುಗಿಯಲಿಲ್ಲ.

ಎಡವಟ್ಟಾದದ್ದು ಅದಾದ ಸ್ವಲ್ಪ ದಿನಕ್ಕೆ. ಜಯಕ್ಕ ಪೈಪು ಹಿಡಿದು ಆಗಷ್ಟೇ ಮಂಟಪ ತೊಳೆದಿದ್ದಳು. ಶಬನಾ ತಲೆಯ ಮೇಲೆ ಸಸಿಗಳ ಟ್ರೇ ಹೊತ್ತುಕೊಂಡು ಅಡ್ಡದಾರಿ ಹಿಡಿದು ಅದರೊಳಗಿನಿಂದಲೇ ಬಂದಳು. ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು. ಟ್ರೇ ಒಂದು ಕಡೆ, ಅವಳು ಒಂದು ಕಡೆ. ತಲೆ ಕಲ್ಲಿಗೆ ತಗುಲಿದ ಸದ್ದು ಜಯಕ್ಕನಿಗೆ ಕೇಳಿಸಿತು.

"ಅಯ್ಯೋ ನನ್ನವ್ವ!" ಎಂದು ಪೈಪು ಬಿಸಾಡಿ ಓಡಿದಳು. ಎಲ್ಲಿ ಹುಲ್ಲು ಮುಗಿಯಿತು, ಎಲ್ಲಿ ಕಲ್ಲು ಬಂತು ಎಂದು ನೋಡಲಿಲ್ಲ. ಶಬನಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ಸೆರಗಿನಿಂದ ಮುಖ ಒರೆಸಿದಳು, ಹಿಂದಲೆ ಮುಟ್ಟಿ ಮುಟ್ಟಿ ನೋಡಿದಳು. ರಕ್ತ ಬಂದಿರಲಿಲ್ಲ, ಬುಗುಟು ಎದ್ದಿತ್ತು. ಶಬನಾ ಕಣ್ಣು ಬಿಟ್ಟು, "ಸತ್ತಿಲ್ಲ ಬಿಡಕ್ಕ, ಸಸಿ ನೋಡು ಮೊದ್ಲು, ಮೇಸ್ತ್ರಿ ನನ್ನ ಸಾಯಿಸ್ತಾನೆ," ಎಂದಳು. ಅವಳನ್ನು ಎಬ್ಬಿಸಿ ಕಲ್ಲು ಹಾಸಿನ ಮೇಲೆ ಕೂರಿಸುವಾಗ ಜಯಕ್ಕನಿಗೆ ತಾನು ಎಲ್ಲಿದ್ದೇನೆ ಎಂದು ಅರಿವಾಯಿತು. ತಲೆಯ ಮೇಲೆ ಸೂರು. ನಾಲ್ಕೂ ಕಡೆ ಬಯಲು. ಗಾಳಿ ಬೆನ್ನಿನಿಂದ ಬಂದು ಎದೆಯ ಕಡೆಗೆ ದಾಟಿ ಹೋಯಿತು.

ಅವಳು ಅಲ್ಲಿಂದ ಎದ್ದವಳೇ ನೇರ ನಲ್ಲಿಯ ಹತ್ತಿರ ಹೋದಳು. ಬಕೆಟ್ಟು ತುಂಬಿಸಿ, ಉಟ್ಟ ಸೀರೆಯಲ್ಲೇ, ತಲೆಯ ಮೇಲಿನಿಂದ ಸುರಿದುಕೊಂಡಳು. ಇನ್ನೊಂದು ತುಂಬಿಸಿ ಮತ್ತೆ ಸುರಿದುಕೊಂಡಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಅಂಥ ಸೂರಿನ ಕೆಳಗಿನಿಂದ ಬಂದವಳು ನೀರು ಹುಯ್ದುಕೊಳ್ಳದೆ ದೀಪ ಹಚ್ಚಬಾರದು ಎಂದು ಅವಳ ಮೈಗೆ ಗೊತ್ತಿತ್ತು. ಕೈ ತಾನಾಗಿ ಬಕೆಟ್ಟಿಗೆ ಹೋಯಿತು.

ಮಂಟಪದಲ್ಲಿ ಕೂತ ಶಬನಾ ಹಿಂದಲೆ ಹಿಡಿದುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಈಗಷ್ಟೇ ತನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದವಳು, ಇದೀಗ ತನ್ನನ್ನು ಮುಟ್ಟಿದ ಮೈ ತೊಳೆದುಕೊಳ್ಳುತ್ತಿದ್ದಾಳೆ.

ಮಹಾದೇವಮ್ಮ ಗೇಟಿನಿಂದ ಓಡಿಬಂದಿದ್ದಳು. ಅವಳಿಗೂ ಕಂಡಿತು. "ನಾನ್ ಹೇಳ್ಲಿಲ್ವೇನೆ? ಹಟ್ಟಿಯೋರು ಅಂದ್ರೆ ಮಡಿ ಬಾಳ. ಅದ್ಕೇ ನಮ್ ಜತಿ ಕೂರಲ್ಲ ಅವಳು."

"ಮರದ ಕೆಳಗೆ ನಮ್ ಜೊತೇಲೇ ಉಣ್ತಿದ್ಲಲ್ಲ ಮಾದೇವಕ್ಕ. ನನ್ನ ಸಾರು ತಿಂದಾಳೆ."

"ಮರದ ಕೆಳಗೆ ಬೇರೆ ಕಣೆ. ಅದು ಭೂಮ್ತಾಯಿ ಮೇಲೆ ಕುಂತಂಗೆ. ಒಂದೇ ಸೂರಿನಡಿ ಕುಂತು ಉಣ್ಣೋದು ಅಂದ್ರೆ ಮನೆ ಒಳಗೆ ಸೇರಿಸ್ಕಂಡಂಗೆ ಲೆಕ್ಕ. ಈ ಮಂಟಪ ಬಂದ ಮೇಲೇ ತಾನೇ ದೂರ ಆಗಿದ್ದು ಅವಳು? ಲೆಕ್ಕ ಹಾಕು ನೀನೇ."

ಶಬನಾ ಲೆಕ್ಕ ಹಾಕಿದಳು. ಎಲ್ಲವೂ ಸರಿಹೊಂದಿತು.

ಆವತ್ತಿನಿಂದ ಅವಳು ಜಯಕ್ಕನನ್ನು ಊಟಕ್ಕೆ ಕರೆಯಲಿಲ್ಲ. ಜಗಳವಾಡಲಿಲ್ಲ, ಮುಖ ತಿರುಗಿಸಲಿಲ್ಲ. "ಪೈಪು ಬಿಟ್ಟಿದ್ದೀನಿ ನೋಡ್ಕಳಿ," "ಮೇಸ್ತ್ರಿ ಕರೀತಾವ್ರೆ ನಿಮ್ಮನ್ನ" — ಇಷ್ಟೇ. ನೀನು ಹೋಗಿ ನೀವು ಆದದ್ದು ಜಯಕ್ಕನಿಗೆ ಮೊದಲ ದಿನವೇ ಚುಚ್ಚಿತು. ತಲೆಗೆ ಪೆಟ್ಟು ಬಿದ್ದ ನೋವಿಗೆ ಸಿಡುಕಿರಬೇಕು ಎಂದುಕೊಂಡಳು. ನೆಲ ಒದ್ದೆ ಮಾಡಿದ್ದು ನಾನೇ ಅಲ್ಲವೇ ಎಂದೂ ಅಂದುಕೊಂಡಳು. ನಿಜವಾದ ಕಾರಣ ಅವಳ ತಲೆಗೆ ಹೊಳೆಯಲೇ ಇಲ್ಲ. ಹೊಂಗೆ ಮರದ ಕೆಳಗೆ ಕೂತು ತುತ್ತು ನುಂಗುವಾಗ ಮಂಟಪದ ಕಡೆಯಿಂದ ಮಾತು, ನಗು ತೇಲಿಬರುತ್ತಿತ್ತು. ಅಲ್ಲಿ ಗೋಡೆ ಇರಲಿಲ್ಲವಲ್ಲ, ಎಲ್ಲವೂ ಕೇಳಿಸುತ್ತಿತ್ತು. ಅವಳ ಹೆಸರು ಮಾತ್ರ ಅದರಲ್ಲಿ ಬರುತ್ತಿರಲಿಲ್ಲ.

ಫರೀಹಾಳ ನಿಕಾಹ್ ಗೊತ್ತಾಯಿತು. ಶಬನಾ ರಜೆ ಹಾಕುವ ಮುನ್ನ ಮಹಾದೇವಮ್ಮನಿಗೆ ಕಾರ್ಡು ಕೊಟ್ಟು, "ಮನೆ ಮಂದಿಯೆಲ್ಲ ಬರಬೇಕು, ಊಟಕ್ಕೆ ತಡ ಮಾಡ್ಬೇಡ್ರಿ," ಎಂದಳು. ದುರುಗೇಶನಿಗೆ ಕೊಟ್ಟಳು. ಆಮೇಲೆ ಮರದ ಹತ್ತಿರ ಬಂದು ಜಯಕ್ಕನ ಮುಂದೆ ಒಂದು ಬಟ್ಟೆ ಚೀಲ ಇಟ್ಟಳು.

"ಅಬ್ಬಾ ಕಳಿಸಿದಾರೆ. ಮಗಳಿಗೆ ಒಳ್ಳೇದಾಗ್ಲಿ ಅಂತ ಹರಸಿ."

ಚೀಲದಲ್ಲಿ ಅಕ್ಕಿ, ತೊಗರಿಬೇಳೆ, ಒಂದಚ್ಚು ಬೆಲ್ಲ, ತೆಂಗಿನಕಾಯಿ, ಮೇಲೆ ವೀಳ್ಯದೆಲೆ. ಪಡಿ. ಬೇಯಿಸಿದ್ದನ್ನು ತಮ್ಮ ಕೈಯಿಂದ ಉಣ್ಣದವರಿಗೆ ಮನೆಯ ಶುಭಕಾರ್ಯದ ಪಾಲೆಂದು ಹಸಿಯಾಗಿ ಕೊಡುವ ಮರ್ಯಾದೆ. ಉಸ್ಮಾನ್ ಸಾಬರು ಹುಡುಗನಾಗಿದ್ದಾಗ ತಂದೆಯ ಜೊತೆ ಹಟ್ಟಿಗಳಿಗೆ ಹೋಗಿ, ಬೇಲಿಯ ಹೊರಗೆ ತಿದಿ ಹೂಡಿ ಪಾತ್ರೆಗೆ ಕಲಾಯಿ ಹಾಕಿದವರು. ಹಟ್ಟಿಯವರ ರೀತಿ ನೀತಿ ಬಲ್ಲವರು. ಮಗಳು "ಅವರು ನಮ್ಮಲ್ಲಿ ಉಣ್ಣಲ್ಲ ಅಬ್ಬಾ" ಎಂದಾಗ ಅವರಿಗೆ ಅದರಲ್ಲಿ ಬೇಸರವೇನೂ ಕಾಣಲಿಲ್ಲ. ತಾವೇ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದರು.

ಜಯಕ್ಕ ಚೀಲದ ಬಾಯಿ ಬಿಡಿಸಿ ನೋಡಿದಳು. ಹಸಿ ಅಕ್ಕಿ ಬೆರಳಿಗೆ ತಾಗಿತು. ನಲ್ಲಿಯ ಹತ್ತಿರ ತಾನು ಬಕೆಟ್ಟು ಎತ್ತಿದ್ದು, ಶಬನಾ ಹಿಂದಲೆ ಹಿಡಿದು ನೋಡುತ್ತಿದ್ದದ್ದು ಆಗ ಅವಳ ಕಣ್ಣಿಗೆ ಬಂತು. ತಲೆ ಎತ್ತುವಷ್ಟರಲ್ಲಿ ಶಬನಾ ಗೇಟು ದಾಟಿದ್ದಳು.

ನಿಕಾಹ್‌ನ ಹಿಂದಿನ ದಿನ ಕೆಲಸ ಬಿಟ್ಟವಳೇ ಜಯಕ್ಕ ಚೀಲ ಹಿಡಿದು ಉಸ್ಮಾನ್ ಸಾಬರ ಓಣಿಗೆ ಹೋದಳು. ಬಾಗಿಲಲ್ಲಿ ಶಾಮಿಯಾನ ಎಳೆಯುತ್ತಿದ್ದರು. ಮುದುಕರು ಅವಳನ್ನು ಕಂಡು ಗಡಿಬಿಡಿಯಿಂದ ಎದ್ದರು.

"ಬರ್ರಿ ತಾಯಿ, ಬರ್ರಿ. ಇಲ್ಲೇ ಹೊರಗೆ ಕುರ್ಚಿ ಹಾಕಿಸ್ತೀನಿ, ಕುಂತ್ಕಳ್ರಿ. ಏನು, ಪಡಿ ಏನಾದ್ರೂ ಕಮ್ಮಿ ಬಿತ್ತಾ?"

"ಹೊರಗೆ ಬೇಡ ಸಾಬ್ರೆ. ಶಬನಾ ಎಲ್ಲವಳೆ?"

ಶಬನಾ ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಜಯಕ್ಕ ಚೀಲವನ್ನು ಅವಳ ಮುಂದಿಟ್ಟಳು.

"ಇದನ್ನ ಒಲೆ ಮೇಲಿಡೆ. ಬೆಂದಿದ್ದು ಉಣ್ಣೋಕೆ ಬಂದೀನಿ."

ಶಬನಾ ತಲೆ ಎತ್ತಲಿಲ್ಲ. "ಬ್ಯಾಡಿ ಬಿಡಿ. ನಮ್ಮನೇಲಿ ಉಂಡ್ರೆ ಆಮೇಲೆ ನಿಮಗೆ ಎಷ್ಟು ಕೊಡ ನೀರು ಬೇಕಾಗ್ತೈತೋ. ನಮ್ ನಲ್ಲೀಲಿ ದಿನಾ ನೀರು ಬರಲ್ಲ."

"ನಿನ್ನ ಮುಟ್ಟಿದ್ದಕ್ಕಲ್ಲ ಕಣೆ ನೀರು ಹುಯ್ಕಂಡಿದ್ದು."

"ಮತ್ತೆ? ಸೆಖೆ ಆಗಿತ್ತಾ?"

"ಆ ಸೂರಿನ ಕೆಳಗೆ ಹೋಗಿದ್ದಕ್ಕೆ."

"ಸೂರು ಏನ್ ಮಾಡ್ತು ನಿಮಗೆ?"

ಜಯಕ್ಕ ಹಿತ್ತಲಿನ ನೆಲಕ್ಕೆ ಕುಸಿದು ಕೂತಳು. ಮಾತು ಒಂದರ ಹಿಂದೊಂದು ಬರಲಿಲ್ಲ. ಮೊದಲು ಗಾಳಿಯ ಮಾತು ಬಂತು, ಆಮೇಲೆ ಗುಡ್ಲಿನದು, ಆಮೇಲೆ ಅತ್ತೆ ಗಳದ ತುದಿಯಲ್ಲಿ ಕಂಬಳಿ ಚಾಚಿದ್ದು. ಕಾಟಯ್ಯನ ಎದುರು ಆಡದ ಮಾತು, ದೇವರ ಪಟದ ಮುಂದೆ ಆಡದ ಮಾತು, ಬೆಳ್ಳುಳ್ಳಿ ಸಿಪ್ಪೆಗಳ ನಡುವೆ ಬಿತ್ತು.

"ಹೆಣ್ಮಗು. ಉಸ್ರು ಬಿಡೋವಾಗ ಮೂಗು ಗೊರ ಗೊರ ಅಂತಿತ್ತು. ನಾನು ಗಾಳಿಗೆ ಬೆನ್ನು ಕೊಟ್ಟು ಎದೆಗೆ ಒತ್ಕಂಡು ಕುಂತೆ. ಗಾಳಿ ಆ ಕಡೆಯಿಂದ ಬಂತು. ತಿರುಗಿ ಕುಂತೆ. ಈ ಕಡೆಯಿಂದ ಬಂತು. ಎಷ್ಟು ಕಡೆ ಅಂತ ತಿರುಗ್ಲಿ? ನನಗಿರೋದು ಒಂದೇ ಬೆನ್ನಲ್ವೇನೆ ಶಬನಾ?"

ಬೆಳ್ಳುಳ್ಳಿ ಬಿಡಿಸುವ ಕೈ ಯಾವಾಗಲೋ ನಿಂತಿತ್ತು.

"ಏನು ಹೆಸರಿಟ್ಟಿದ್ದೆ?" ಶಬನಾ ಕೇಳಿದಳು.

"ಹೆಸರಿಡೋಕೆ ಒಳಗೆ ಬರಬೇಕಿತ್ತಲ್ಲ."

ಒಳಗಿನಿಂದ ಯಾರೋ ಬೆಳ್ಳುಳ್ಳಿ ಕೇಳಿ ಕೂಗಿದರು. ಶಬನಾ ಸೆರಗಿನಿಂದ ಮೂಗು ಒರೆಸಿಕೊಂಡು, ಚೀಲ ಬಿಚ್ಚಿ ಅಕ್ಕಿಯನ್ನು ಮೊರಕ್ಕೆ ಸುರಿದಳು. ಸಾಬರು ಹಿತ್ತಲ ಬಾಗಿಲಿಗೆ ಬಂದು 'ಇದೇನು' ಎಂಬಂತೆ ನಿಂತರು.

"ಬೇಟಿ, ಅವರು ಬೆಂದಿದ್ದು ಮುಟ್ಟಲ್ಲಮ್ಮ, ಬಲವಂತ ಮಾಡ್ಬಾರ್ದು..."

"ಮುಟ್ತಾಳೆ ಅಬ್ಬಾ. ನೀವು ಸುಮ್ಕಿರ್ರಿ."

"ಹಂಗಾದ್ರೆ ನಮ್ಮಪ್ಪ, ನಾನು ಅಷ್ಟು ವರ್ಷ ಬೇಲಿ ಹೊರಗೆ ಕುಂತು ಹೊಗೆ ಕುಡಿದಿದ್ದು ಸುಮ್ ಸುಮ್ನೇನಾ!" ಎಂದರು ಮುದುಕರು. ಹಾಗೆಂದು ಒಳಗೆ ಹೋಗಿ ತಾವೇ ಒಂದು ತಟ್ಟೆ ತೊಳೆದು ತಂದಿಟ್ಟರು.

ನಾಳೆಯ ಅಡುಗೆಗೆ ದೊಡ್ಡ ದೊಡ್ಡ ಹಂಡೆಗಳು ಕಾಯುತ್ತಿದ್ದ ಆ ಮನೆಯಲ್ಲಿ, ಅವತ್ತು ಸಂಜೆ ಸಣ್ಣ ಪಾತ್ರೆಯೊಂದರಲ್ಲಿ ಒಬ್ಬಳಿಗಾಗಿ ಅನ್ನ ಬೆಂದಿತು. ಜಯಕ್ಕ ಹಿತ್ತಲಿನಲ್ಲೇ ಕೂತು ಉಂಡಳು. ಶಬನಾ ಎದುರಿಗೆ ಕೂತಿದ್ದಳು. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಜಯಕ್ಕ ಹೇಳಲಿಲ್ಲ.

ನಿಕಾಹ್ ಚೆನ್ನಾಗಿ ಆಯಿತು. ಫರೀಹಾ ಗಂಡನ ಮನೆಗೆ ಹೋದಳು. ಶಬನಾ ಕೆಲಸಕ್ಕೆ ಬಂದಳು, ನೀವು ಮತ್ತೆ ನೀನು ಆಯಿತು. ಹಾಗೆಂದು ಎಲ್ಲವೂ ಮೊದಲಿನಂತೆ ಆಗಲಿಲ್ಲ. ಕೆಲವು ದಿನ ಅವಳು ಮರದ ಕೆಳಗೆ ಬಂದು ಉಣ್ಣುತ್ತಿದ್ದಳು, ಕೆಲವು ದಿನ ಮಹಾದೇವಮ್ಮನ ಜೊತೆ ಮಂಟಪದಲ್ಲಿ. ಕರೆಯುವುದನ್ನು ಮಾತ್ರ ಪೂರ್ತಿ ಬಿಟ್ಟಿದ್ದಳು. ಮಗಳಿಲ್ಲದೆ ಬಿಕೋ ಎನ್ನುವ ಮನೆ ಅವಳಿಗೂ ಹೊಸದು. ಸಂಜೆ ಜಯಕ್ಕ ಎಂದಿನಂತೆ ಕೋಣೆಗೆ ಹೋಗಿ, ಎಂದಿನಂತೆ ಒಬ್ಬಳೇ ಚಿಲಕ ಹಾಕಿಕೊಳ್ಳುತ್ತಿದ್ದಳು. ಸೋಮವಾರದ ದೀಪದ ಮುಂದೆ ಮಾತ್ರ ಈಗ ಒಂದು ಮಾತು ಕೇಳುತ್ತಿದ್ದಳು. ಏನು ಎಂಬುದು ಅವಳಿಗೂ ದೇವರಿಗೂ ಬಿಟ್ಟದ್ದು.

ಒಂದು ಬೆಳಿಗ್ಗೆ ದುರುಗೇಶ ಓಡುತ್ತಾ ಬಂದ. ಬೇರೆ ಊರಿನ ಕಾಲೇಜಿನಿಂದ ಹುಡುಗರು ಮಂಟಪ ನೋಡಲು ಬರುತ್ತಾರಂತೆ, ಕಾವ್ಯಶ್ರೀ ಮೇಡಂ ಕರೆತರುತ್ತಾರಂತೆ.

"ಜಯಕ್ಕ, ಪೈಪಲ್ಲಿ ತೊಳೆದ್ರೆ ಸಾಲಲ್ಲ ಇವತ್ತು. ಮಧ್ಯದಲ್ಲಿ ಎಣ್ಣೆ ಜಿಡ್ಡು ಐತೆ. ಬ್ರಷ್ ತಗಂಡು ಒಳಗೆ ಕುಂತು ಚೆನ್ನಾಗಿ ಉಜ್ಜು."

ಯಾವತ್ತೂ ಇದ್ದ ನೆಪಗಳು ಜಯಕ್ಕನ ಬಾಯಿಗೆ ಬಂದವು. ಮಂಡಿ ನೋವು ಎನ್ನಬಹುದಿತ್ತು. ಅವಳು ಎನ್ನಲಿಲ್ಲ.

"ನಾನು ಅದರೊಳಗೆ ಕಾಲಿಡಲ್ಲ ಮೇಸ್ತ್ರಿ."

"ಹಂಗಂದ್ರೆ? ದಿನಾ ನೀನೇ ತಾನೇ ತೊಳೆಯೋದು?"

"ಹೊರಗಿಂದ ತೊಳೀತೀನಿ. ಇನ್ನೂ ತೊಳೀತೀನಿ. ಒಳಗೆ ಹೋಗಲ್ಲ."

ದುರುಗೇಶನಿಗೆ ಸಿಟ್ಟಿಗಿಂತ ಸೋಜಿಗ ಹೆಚ್ಚಾಯಿತು. ಇಷ್ಟು ವರ್ಷದಲ್ಲಿ ಆಗಲ್ಲ ಎಂಬ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿರಲಿಲ್ಲ. "ಯಾಕೆ? ಏನು ಕಾರಣ?"

ಜಯಕ್ಕ ಉದ್ದನೆಯ ಗಳದ ಪೊರಕೆಯನ್ನು ಕೈಯಿಂದ ಕೈಗೆ ಬದಲಾಯಿಸಿದಳು.

"ಶಬನಾಗೆ ಗೊತ್ತೈತೆ," ಎಂದಳು.

ದುರುಗೇಶ ತಿರುಗಿ ನೋಡಿದ. ಶಬನಾ ಸಸಿಯ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಎದ್ದು ಕೈ ಕೊಡವಿ, ಬಕೆಟ್ಟಿನಿಂದ ಬ್ರಷ್ ಎತ್ತಿಕೊಂಡು, ಅವನ ಮುಖವನ್ನೂ ನೋಡದೆ ಮಂಟಪದ ನಡುವಿಗೆ ಹೋಗಿ ಕೂತಳು.

"ನೀರು ಬಿಡಕ್ಕ," ಎಂದಳು.